ಮೈಕ್ ಟೀಚರ ಗಂಟಲು ಹೋದ ವಾರ

ಎರಡನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟ ಹೆಸರು ಮೈಕ್ ಟೀಚರ್. ಸುಮ್ಮನೆ ಇಟ್ಟದ್ದಲ್ಲ. ಅವರು ಪಾಠ ಶುರು ಮಾಡಿದರೆ ಗೇಟಿನಾಚೆ ಬಸ್ಸಿಗೆ ಕಾಯುವವರಿಗೂ ಬಾಯಿಪಾಠ ಆಗಿಬಿಡುತ್ತಿತ್ತು. ಅಂಥ ಗಂಟಲು ಒಂದು ಶನಿವಾರ ಸಂಜೆ ಕೈಕೊಟ್ಟಿತು. ಒಳಗೆ ಗಂಟಾಗಿದೆ, ವಾರವಿಡೀ ಪಿಸುಮಾತೂ ಆಡಕೂಡದು, ಆಡಿದರೆ ಧ್ವನಿ ಪೂರ್ತಿ ಹೋದರೂ ಹೋದೀತು ಎಂದರು ಡಾಕ್ಟರು.

ಟೀಚರ ಯಜಮಾನರು ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕರು. "ಇಷ್ಟು ವರ್ಷ ಆದ್ಮೇಲೆ ಈ ಮನೇಲಿ ನನಗೂ ಮಾತಾಡೋ ಸರದಿ ಬಂತು ನೋಡು." ಹೆಂಡತಿಯ ಮುಖ ಕಂಡ ಮೇಲೆ ಸೂಜಿ ತೆಗೆದಿಟ್ಟು, "ರಜ ಹಾಕು" ಎಂದರು. ರಜ ಎಲ್ಲಿಂದ ಬರಬೇಕು? ಇದ್ದಬದ್ದ ರಜವೆಲ್ಲ ಯಜಮಾನರದೇ ಕಣ್ಣಿನ ಆಪರೇಷನ್ನಿಗೆ ಮುಗಿದುಹೋಗಿತ್ತು.

ಸೋಮವಾರ ಬೆಳಿಗ್ಗೆ ಹೆಡ್ ಮಾಸ್ಟರು ವರಾಂಡದಲ್ಲೇ ತಡೆದು ನಿಲ್ಲಿಸಿದರು. "ಶನಿವಾರ ಇನ್ಸ್‌ಪೆಕ್ಷನ್ನಿಗೆ ದೊಡ್ಡ ಸಾಹೇಬ್ರು ಬರ್ತಿದಾರೆ. ನಿಮ್ಮ ಕ್ಲಾಸಿನ ಓದು ಕೇಳ್ತಾರಂತೆ. ಈ ಗಂಟಲಲ್ಲಿ ಆಗುತ್ತಾ? ಆಗಲಿಲ್ಲ ಅಂದ್ರೆ ಕ್ಲಾಸನ್ನ ಹೊಸ ಟೀಚರಿಗೆ ಕೊಡ್ತೀನಿ. ನೀವು ರಿಟೈರ್ ಆಗೋವರೆಗೂ ಕಚೇರಿಲಿ ಆರಾಮಾಗಿ ಕೂತ್ಕೊಳ್ಳಿ."

ಆರಾಮವಂತೆ. ಮುರುಕು ಡೆಸ್ಕುಗಳು, ಸೋರುವ ನೀರಿನ ಬಾಟಲಿಗಳು, ಮೂಗು ಸುರಿಸುವ ಪಿಳ್ಳೆಗಳು, ಇವನ್ನು ಬಿಟ್ಟು ಬದುಕುವುದು ಹೇಗೆಂದು ಟೀಚರು ಯೋಚಿಸಿಯೇ ಇರಲಿಲ್ಲ. ಆಗುತ್ತದೆ ಎಂದು ತಲೆಯಾಡಿಸಿ ತರಗತಿಗೆ ನಡೆದರು.

ಮೈಕಿಗೆ ಧ್ವನಿಯಿಲ್ಲ ಎಂಬ ಸುದ್ದಿ ಮಕ್ಕಳಿಗೆ ಹಬ್ಬುವುದಕ್ಕೆ ಎಷ್ಟು ಹೊತ್ತು ಬೇಕು? ತರಗತಿ ಸಂತೆಯಾಯಿತು. ಡಸ್ಟರಿನಿಂದ ಮೇಜು ಬಡಿದೂ ಬಡಿದೂ ಟೀಚರ ಮೊಣಕೈವರೆಗೆ ಸೀಮೆಸುಣ್ಣದ ಪುಡಿ ಕೂತಿತು. ಮಧ್ಯಾಹ್ನದ ಹೊತ್ತಿಗೆ ಸೆಕೆ ತಡೆಯಲಾರದೆ ಬೋರ್ಡಿನ ಮೇಲೆ 'ಕಿಟಕಿ ತೆರೆಯಿರಿ' ಎಂದು ಬರೆದು, ಕೋಲಿನಿಂದ ತೋರಿಸಿದರು.

ಒಬ್ಬರೂ ಏಳಲಿಲ್ಲ. ಇನ್ನೊಮ್ಮೆ ಕೋಲು ಕುಟ್ಟಿದರು. ಕೋಲು ಕುಟ್ಟಿದರೆ ಪಾಠ ಹೇಳಬೇಕೆಂಬುದು ರೂಢಿ, ಅಷ್ಟೇ ಸಾಕಾಯಿತು. ಇಡೀ ತರಗತಿ ಕೈಕಟ್ಟಿ ನಿಂತು ಒಂದೇ ಉಸಿರಿಗೆ ಶುರುಮಾಡಿತು. "ಬಿಳಿ ಮೊಲ ಬಂತು, ಹುಲ್ಲನು ತಿಂತು, ಕುಪ್ಪಳಿಸಿ ಕುಪ್ಪಳಿಸಿ ಮನೆಗೆ ಹೋಯ್ತು."

ಟೀಚರಿಗೆ ಮೊದಲು ನಗು ಬಂತು. ಆಮೇಲೆ ಬೋರ್ಡಿನ ಕಡೆ ತಿರುಗಿ ನೋಡಿದರು. ಬೋರ್ಡಿನಲ್ಲಿ ಮೊಲವೂ ಇರಲಿಲ್ಲ, ಹುಲ್ಲೂ ಇರಲಿಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಮುಂದಿನ ಬೆಂಚಿನ ಹುಡುಗಿ, ಎಲ್ಲರೂ ಗಿಳಿ ಎಂದು ಕರೆಯುವವಳು. ತರಗತಿಗೇ ಜಾಣೆ, ಟೀಚರ ಕಣ್ಮಣಿ. ಟೀಚರು ಹೇಳಿಕೊಟ್ಟದ್ದನ್ನು ಅವಳು ಮೊದಲು ಹೇಳುವುದು, ಉಳಿದವರು ಅವಳ ಹಿಂದೆ ಹೇಳುವುದು, ಇದು ಇಷ್ಟು ದಿನ ನಡೆದುಬಂದ ಪದ್ಧತಿ. ಟೀಚರು ಅವಳನ್ನು ಹತ್ತಿರ ಕರೆದು 'ಕಿಟಕಿ' ಎಂಬ ಪದದ ಮೇಲೆ ಬೆರಳಿಟ್ಟರು. ಗಿಳಿ ಬೋರ್ಡು ನೋಡಿದಳು, ಟೀಚರ ಬಾಯಿ ನೋಡಿದಳು, ಮತ್ತೆ ಬೋರ್ಡು ನೋಡಿದಳು. ಕಣ್ಣು ತುಂಬಿ ಬಂತು.

"ಟೀಚರ್, ಮೊದಲು ನೀವು ಹೇಳಿ. ಆಮೇಲೆ ನಾನು ಹೇಳ್ತೀನಿ."

ಟೀಚರು ಕುರ್ಚಿಗೆ ಹೋಗಿ ಕುಸಿದರು. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಇದಕ್ಕೇನಾ? ನನ್ನದೇ ಧ್ವನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು, ನಾನು ಅದನ್ನು ಮಕ್ಕಳ ಓದು ಎಂದುಕೊಂಡು ಹಿಗ್ಗುತ್ತಿದ್ದೆ. ಅವರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಬೈಯೋಣವೆಂದರೆ ತಮ್ಮನ್ನೇ ಬೈದುಕೊಳ್ಳಬೇಕು, ಅದಕ್ಕೂ ಧ್ವನಿಯಿಲ್ಲ.

ಆ ಸಂಜೆ ಚಪ್ಪಲಿಯನ್ನೂ ಬಿಚ್ಚದೆ ಮಂಚದ ಮೇಲೆ ಬಿದ್ದುಕೊಂಡರು.

ಮಂಗಳವಾರ ರಟ್ಟಿನ ಚೂರುಗಳ ಮೇಲೆ ದಪ್ಪಕ್ಷರದಲ್ಲಿ ಪದ ಬರೆದು ಕಂಡಕಂಡಲ್ಲಿ ಅಂಟಿಸಿದರು. ಗೋಡೆಗೆ ಗೋಡೆ, ಬಾಗಿಲಿಗೆ ಬಾಗಿಲು, ಕುರ್ಚಿಗೆ ಕುರ್ಚಿ. ಮಕ್ಕಳ ಬೆರಳು ಹಿಡಿದು ಅಕ್ಷರದ ಮೇಲೆ ಆಡಿಸಿದರು. ಬುಧವಾರ ಬೋರ್ಡಿನ ಮೇಲೆ 'ಏಳು' ಎಂದು ಬರೆದು, ಯಾರು ಏಳುತ್ತಾರೆಂದು ಕಾದರು. ನಿನ್ನೆಯಿಂದ ಅಕ್ಷರ ಹಿಡಿಯತೊಡಗಿದ್ದ ನಾಲ್ಕೈದು ಮಂದಿ ಎದ್ದರು, ಅವರನ್ನು ನೋಡಿ ಉಳಿದವರೆಲ್ಲ ಎದ್ದರು. ಕುರಿಮಂದೆ ಎಂದರೆ ಕುರಿಮಂದೆಯೇ. ಟೀಚರು ಹಣೆ ಚಚ್ಚಿಕೊಂಡು, ಒಬ್ಬೊಬ್ಬರನ್ನೇ ಕರೆದು, ಅವರವರ ಅಂಗೈಯಲ್ಲಿ ಬರೆದು ತೋರಿಸತೊಡಗಿದರು. ಬೋರ್ಗಲ್ಲಿನ ಮೇಲೆ ನೀರು ಸುರಿದಂತಾದರೂ ಬಿಡಲಿಲ್ಲ. ಬೆನ್ನು ಬಾಗಿ ಬಾಗಿ ಸಂಜೆಯ ಹೊತ್ತಿಗೆ ನೆಟ್ಟಗೆ ನಿಲ್ಲಲು ಗೋಡೆಯ ಆಸರೆ ಬೇಕಾಯಿತು.

ಗುರುವಾರ ಪಕ್ಕದ ತರಗತಿಯ ಹೊಸ ಟೀಚರ್ ಬಂದಳು. ಚಿಕ್ಕ ಪ್ರಾಯದವಳು, ಒಳ್ಳೆಯವಳು. "ಅಕ್ಕ, ಯಾಕಿಷ್ಟು ಒದ್ದಾಡ್ತೀರ? ನಿಮ್ಮ ಕ್ಲಾಸು ನನಗೆ ಬೇಡ, ಆಣೆಗೂ ಬೇಡ. ಸಾಹೇಬ್ರ ಮುಂದೆ ಗಿಳಿ ಕೈಲಿ ಪುಸ್ತಕ ಕೊಟ್ಟು ಮೊಲದ ಪಾಠಾನೇ ಹೇಳಿಸ್ಬಿಡಿ. ಓದಿದ್ಲೋ ಒಪ್ಪಿಸಿದ್ಲೋ, ಯಾರಿಗೆ ಗೊತ್ತಾಗುತ್ತೆ?"

ಟೀಚರು ಸ್ಲೇಟಿನ ಮೇಲೆ 'ಸರಿ' ಎಂದು ಬರೆದರು. ಮನಸಾರೆಯೇ ಬರೆದರು. ದಣಿದ ಜೀವಕ್ಕೆ ಅದಕ್ಕಿಂತ ಸುಲಭದ ದಾರಿ ಇರಲಿಲ್ಲ.

ಶುಕ್ರವಾರ ಮನೆಗೆ ಬಿಡುವ ಗಂಟೆ ಹೊಡೆದ ಮೇಲೆ ಗಿಳಿಯೊಬ್ಬಳೇ ಹಿಂದೆ ಉಳಿದಳು. ಮೂಲೆಯಲ್ಲಿದ್ದ ನೀರಿನ ಕೊಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಲ್ಲಿ ಅಂಟಿಸಿದ್ದ ರಟ್ಟಿನ ಮೇಲೆ ಬೆರಳಾಡಿಸುತ್ತಿದ್ದಳು. "ಕೊ... ಡ. ಕೊಡ." ಯಾರಾದರೂ ಕೇಳಿಸಿಕೊಂಡರೇ ಎಂದು ಹಿಂತಿರುಗಿ ನೋಡಿದಳು. ಬಾಗಿಲಲ್ಲಿ ಟೀಚರು ನಿಂತಿದ್ದರು. ಗಿಳಿಯ ಮುಖ ಅರಳಿದ್ದನ್ನು ಕಂಡು ಅವರಿಗೆ ಅಳುವೇ ಬಂತು.

ಶನಿವಾರ ಸಾಹೇಬರು ಬಂದರು. ಕುರ್ಚಿಗೆ ಅಂಟಿಸಿದ್ದ ರಟ್ಟನ್ನು ಹೆಡ್ ಮಾಸ್ಟರು ಕಿತ್ತು ಜೇಬಿಗೆ ತುರುಕಿಕೊಂಡು, ಅವರನ್ನು ಕೂರಿಸಿದರು. "ಮೊಲದ ಪಾಠ ಚೆನ್ನಾಗಿ ಓದ್ತಾರೆ ಸರ್" ಎಂದು ತಾವೇ ಪುಟ ತೆಗೆದು ಗಿಳಿಯ ಕೈಗಿಟ್ಟರು. ಗಿಳಿ ಎದೆ ಉಬ್ಬಿಸಿ ಉಸಿರು ತುಂಬಿಕೊಂಡಳು. ಪುಸ್ತಕದ ಕಡೆ ನೋಡಲೂ ಇಲ್ಲ.

ಇದು ಹೀಗೇ ಮುಗಿದರೆ ಕುರ್ಚಿ ಉಳಿಯುತ್ತದೆ, ತರಗತಿ ಉಳಿಯುತ್ತದೆ. ಆದರೆ ಈ ಹುಡುಗಿ ಓದು ಎಂದರೆ ಇದೇ ಎಂದುಕೊಂಡು ದೊಡ್ಡವಳಾಗುತ್ತಾಳೆ. ನಿನ್ನೆಯ ಕೊಡ ನೀರುಪಾಲು. ಟೀಚರಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಮುಂದೆ ಹೋಗಿ ಪುಟ ಮಗುಚಿದರು. ಯಾರೂ ಬಾಯಿಪಾಠ ಮಾಡಿರದ ಬಾವಿಯ ಪಾಠ ತೆರೆದು, ಮೊದಲ ಅಕ್ಷರದ ಮೇಲೆ ಬೆರಳಿಟ್ಟರು.

ಗಿಳಿಯ ಉಸಿರು ಠುಸ್ಸೆಂದಿತು. ಟೀಚರ ಮುಖ ನೋಡಿದಳು. ಟೀಚರು ಕಣ್ಣಲ್ಲೇ ಹೂಂ ಎಂದರು.

"ಇ... ದು. ಇದು. ಬಾ... ವಿ." ಬೆವರಿದ ಬೆರಳು ಕಾಗದಕ್ಕೆ ಅಂಟುತ್ತಿತ್ತು. "ಬಾವಿ... ಯ... ನೀ... ರು..." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ಗಡಿಯಾರ ನೋಡಿಕೊಂಡರು, ಮೇಜಿನ ಮೇಲೆ ತಾಳ ಹಾಕಿದರು. ಗಿಳಿ ಎರಡನೇ ಸಾಲು ಮುಟ್ಟುವ ಹೊತ್ತಿಗೆ ಎದ್ದೇಬಿಟ್ಟರು.

"ಎರಡನೇ ಕ್ಲಾಸಿಗೆ ಇದು ಸಾಲದು" ಎಂದರು ಹೊರಗೆ ಹೋಗುತ್ತ.

ಹೆಡ್ ಮಾಸ್ಟರು ಕೆಟ್ಟವರಲ್ಲ, ಪಾಪ. ಸಾಹೇಬರನ್ನು ಕಳಿಸಿ ಬಂದು ಟೀಚರ ಎದುರು ನೆಲ ನೋಡುತ್ತ ನಿಂತರು. "ಚೆನ್ನಾಗಿದ್ದ ಪುಟ ಬಿಟ್ಟು ಅದ್ಯಾಕೆ ತೆಗೆದ್ರಿ? ಸೋಮವಾರದಿಂದ ಕಚೇರಿಗೆ ಬಂದ್ಬಿಡಿ. ಬೇಜಾರು ಮಾಡ್ಕೋಬೇಡಿ, ನಿಮಗೂ ಸುಸ್ತಾಗಿದೆ."

ಸುಸ್ತಂತೂ ಆಗಿತ್ತು. ಭಾನುವಾರವೆಲ್ಲ ಟೀಚರು ಮಲಗೇ ಇದ್ದರು. ಸಂಜೆ ಯಜಮಾನರು ಚಹಾ ತಂದುಕೊಟ್ಟಾಗ, "ಸಕ್ಕರೆ ಹಾಕಿಲ್ಲ" ಎಂಬ ಮಾತು ತಾನಾಗಿ ಹೊರಬಿತ್ತು. ಧ್ವನಿ ಒರಟಾಗಿ ಬಂದಿತ್ತು, ಆದರೆ ಬಂದಿತ್ತು. ಯಜಮಾನರು ಏನೂ ತಮಾಷೆ ಮಾಡದೆ ಪಕ್ಕದಲ್ಲೇ ಕೂತರು.

ಸೋಮವಾರ ಟೀಚರು ಕಚೇರಿಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಗೋಡೆಯಾಚೆ ಅವರ ತರಗತಿಯಿಂದ ಹೊಸ ಟೀಚರ ದನಿ ಬರುತ್ತಿತ್ತು, ಅದರ ಹಿಂದೆ ಮಕ್ಕಳ ದನಿ. ಮತ್ತೆ ಮೊಲ, ಮತ್ತೆ ಹುಲ್ಲು. ಟೀಚರಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ನೀರು ಕುಡಿಯುವ ಬಿಡುವಿನಲ್ಲಿ ಬಾಗಿಲ ಹೊರಗೆ ಗಿಳಿ ಬಂದು ನಿಂತಳು. ಒಳಗೆ ಬರಲಿಲ್ಲ. ಕತ್ತು ಎತ್ತಿ ಬಾಗಿಲ ಮೇಲಿನ ಹಲಗೆಯನ್ನು ನೋಡುತ್ತಿದ್ದಳು. ಅವಳು ತಡವರಿಸುವುದನ್ನು ಕಂಡು ಟೀಚರು ಎಂದಿನ ಅಭ್ಯಾಸದಂತೆ ಬಾಯಿ ತೆರೆದರು.

"ನೀವು ಹೇಳ್ಬೇಡಿ ಟೀಚರ್" ಎಂದಳು ಗಿಳಿ. "ನಾನೇ ಹೇಳ್ತೀನಿ."

ಟೀಚರು ಬಾಯಿ ಮುಚ್ಚಿಕೊಂಡು ಕಾದರು. ಬಿಡುವು ಮುಗಿದ ಗಂಟೆ ಹೊಡೆಯಿತು, ಉಳಿದ ಮಕ್ಕಳು ಓಡಿದರು. ಗಿಳಿ ಅಲ್ಲೇ ನಿಂತು, ಗಾಳಿಯಲ್ಲಿ ಬೆರಳಾಡಿಸುತ್ತ, ಒಂದೊಂದೇ ಅಕ್ಷರ ಹಿಡಿದಳು.

"ಕ... ಚೇ... ರಿ."