ವಿರೋಧಿಗಳ ಸಾಲು

"ಮಸೂದೆ ಪರವಾಗಿ ಮಾತಾಡೋರು ಇನ್ಯಾರೂ ಇಲ್ವಾ?" ಎಂದು ಅಮೆರಿಕದ ಮೊಂಟಾನಾ ರಾಜ್ಯದ ವಿಧಾನಸಭೆಯ ಸಮಿತಿಯ ಅಧ್ಯಕ್ಷೆ ಎರಡನೇ ಸಲ ಕೇಳಿದರು.

ಮಾರ್ಲಿಸ್ ಏಳಲಿಲ್ಲ. ಮಾತಾಡಲೆಂದೇ ಹಿಮದಲ್ಲಿ ಕಾರು ಓಡಿಸಿಕೊಂಡು ರಾಜಧಾನಿಗೆ ಬಂದ ಹೆಂಗಸು, ಮುಂದಿನ ಸಾಲಿನಲ್ಲಿ ಹಾಗನ್ ಸಾಹೇಬರ ಬೋಳುತಲೆ ಕಂಡದ್ದೇ ಬೆಂಚಿಗೆ ಅಂಟಿಕೊಂಡಿದ್ದಳು. ಅವಳು ಅಡುಗೆ ಮಾಡುವ ಸರ್ಕಾರಿ ಶಾಲೆಗೆ ಅವರೇ ಮೇಲಧಿಕಾರಿ. ಅವರೆದುರು ಬಾಯಿ ಬಿಟ್ಟರೆ ಸೌಟು ಕೆಳಗಿಟ್ಟಂತೆಯೇ. ಊರಿಗಿರುವುದು ಅದೊಂದೇ ಶಾಲೆ, ಮಗಳು ಬ್ರಿಟಾ ಓದುವುದೂ ಅಲ್ಲೇ. ಓದುವುದೆಲ್ಲಿ ಬಂತು, ಉಳಿದ ಮಕ್ಕಳ ಕಾಟಕ್ಕೆ ಅಡಗಿ ಕೂರುವುದು.

ಪಕ್ಕದೂರಿನ ಖಾಸಗಿ ಶಾಲೆಯ ಫೀಸು ಅವಳ ಕೈಗೆಟುಕುವಂಥದ್ದಲ್ಲ. ಈ ಮಸೂದೆ ಪಾಸಾದರೆ, ವಿದ್ಯಾರ್ಥಿವೇತನದ ನಿಧಿಗೆ ದಾನ ಕೊಟ್ಟವರಿಗೆ ರಾಜ್ಯ ಅಷ್ಟೇ ಮೊತ್ತದ ತೆರಿಗೆ ಮನ್ನಾ ಮಾಡುತ್ತದೆ, ಆ ನಿಧಿಯಿಂದ ಬ್ರಿಟಾಳಂಥವರಿಗೆ ಫೀಸು ಸಿಗುತ್ತದೆ. ಅವಳಿಗೆ ಗೊತ್ತಿದ್ದದ್ದು ಇಷ್ಟೇ.

"ಸರಿ, ವಿರೋಧ ಇರೋರು ಬನ್ನಿ."

ಮಕ್ಕಳು ಬಿಟ್ಟುಹೋದರೆ ಸರ್ಕಾರಿ ಶಾಲೆಗಳು ಮುಚ್ಚಿಯಾವೆಂದು ಹೆದರಿದವರು, ಅರ್ಧ ಕೋಣೆಯೇ ಎದ್ದಿತು. ಏನೂ ಹೇಳದೆ ಮನೆಗೆ ಹೋಗಿ ಮಗಳ ಮುಖ ನೋಡುವುದನ್ನು ನೆನೆದು ಮಾರ್ಲಿಸ್‌ಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಎದ್ದು, ಮೈಕಿಗೆ ಹೋಗಲು ಉಳಿದಿದ್ದ ಆ ಸಾಲಿನಲ್ಲೇ ನಿಂತಳು. ಮುಂದಿದ್ದವರು ತಿರುಗಿದರು. ಹಾಗನ್ ಸಾಹೇಬರು.

"ಅರೆ, ಮಾರ್ಲಿಸ್, ನೀನೂ ಬಂದ್ಯಾ? ನೋಡಿ, ನಮ್ಮ ಶಾಲೆ ಉಳಿಸೋಕೆ ಅಡುಗೆಯವರೂ ಬಂದಿದ್ದಾರೆ," ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿದರು. "ಯಾಕೆ ನಡುಗ್ತಿದೀಯ? ಮೈಕ್ ಅಂದ್ರೆ ನಂಗೂ ಹಿಂಗೇ. ಕೋಟು ಇಲ್ಲಿ ಕೊಡು, ನೀನೇ ಮೊದ್ಲು ಹೋಗಿ ಮುಗಿಸ್ಕೊಂಡ್ಬಿಡು."

ಕೊಟ್ಟಳು. ಬೇಡ ಎನ್ನುವಷ್ಟು ಧೈರ್ಯವೂ ಅವಳಲ್ಲಿರಲಿಲ್ಲ.

ಸರದಿ ಬಂದಾಗ ಮೈಕಿನ ಮುಂದೆ ನಿಂತಳು. "ಮಾರ್ಲಿಸ್ ಟ್ವೆಟ್. ಶಾಲೇಲಿ ಊಟ ಬಡಿಸ್ತೀನಿ. ದಿನಾ ಎಲ್ಲ ಮಕ್ಕಳ ತಟ್ಟೆನೂ ನನ್ನ ಮುಂದೇನೇ ಹೋಗುತ್ತೆ. ನನ್ನ ಮಗಳದ್ದು ಬರಲ್ಲ. ಅವಳು ಟಾಯ್ಲೆಟ್ಟಲ್ಲಿ ಚಿಲಕ ಹಾಕ್ಕೊಂಡು ಬಿಸ್ಕತ್ತು ತಿಂತಾಳೆ." ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಂಗೆ ಈ ಮಸೂದೆ ಬೇಕು."

"ಮೇಡಂ, ಇದು ವಿರೋಧದವರ ಸರದಿ," ಎಂದರು ಅಧ್ಯಕ್ಷೆ.

"ಗೊತ್ತು. ಆಗ ಏಳೋಕೆ ಹೆದರಿಕೆ ಆಯ್ತು."

"ಈಗ?"

"ಈಗ್ಲೂ ಆಗ್ತಿದೆ."

ಹಿಂದೆ ಯಾರೋ ನಕ್ಕರು. ಅಧ್ಯಕ್ಷೆ ನಗಲಿಲ್ಲ, ಹೆಸರು ಬರೆದುಕೊಂಡರು.

ಮಾರ್ಲಿಸ್ ತಿರುಗಿದಳು. ಕಿಟಕಿಯಾಚೆ ಹಿಮ ಬೀಳುತ್ತಲೇ ಇತ್ತು. ಹಾಗನ್ ಸಾಹೇಬರು ನಿಂತಲ್ಲೇ ನಿಂತಿದ್ದರು. ಅವಳ ಕೋಟು ಇನ್ನೂ ಅವರ ತೋಳಿನ ಮೇಲಿತ್ತು, ಕಾರಿನ ಕೀಲಿ ಅದರ ಜೇಬಿನಲ್ಲಿತ್ತು.