ಮಾನಮ್ಮ ಬಾಯಿ ಮುಚ್ಚಿದ್ದು

ಮಲ್ಲೇಶ್ವರಿ ನೀರಿನ ಕೊಡದ ಕಡೆ ಬರೀ ಕಣ್ಣು ಹೊರಳಿಸಿದ್ದಳು, ಅಷ್ಟೇ. ಆಗಲೇ ಅವಳ ಅಜ್ಜಿ ಮಾನಮ್ಮನ ಕೈಯಲ್ಲಿ ಚೊಂಬು ತುಂಬಿತ್ತು.

"ಬಾಯಾರ್‍ಯಾದ ನನ್ನ ಬಂಗಾರಕ. ಬಿಸಲು ನೋಡು ಹೆಂಗದ. ಕುಡಿ, ಕುಡಿ. ಸಾಕಾ? ಸಾಕಂತ."

ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಹತ್ತಿಕುಣಿಯಲ್ಲಿ ಮಾನಮ್ಮನ ಬಾಯಿಗೆ ಎದುರು ನಿಲ್ಲುವವರು ಯಾರೂ ಇರಲಿಲ್ಲ. ಮಗ, ಸೊಸೆ ಕೂಲಿಗೆ ಹೋದರೆ ಮನೆ ಕಾಣುವುದು ಸಂಜೆಗೇ. ಹೀಗಾಗಿ ಮೂರೂವರೆ ವರ್ಷದ ಮೊಮ್ಮಗಳ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಮಗು ಮಾತ್ರ ಇನ್ನೂ ಒಂದು ಮಾತೂ ಆಡಿರಲಿಲ್ಲ. ಯಾದಗಿರಿಯ ದೊಡ್ಡ ದವಾಖಾನೆಯಲ್ಲಿ ತೋರಿಸಿ, ಕಿವಿ ಚೆನ್ನಾಗಿವೆ ಎಂದು ಹೇಳಿಸಿಕೊಂಡು ಬಂದದ್ದೂ ಆಗಿತ್ತು. ಅಂದಿನಿಂದ ಮಾನಮ್ಮ ದಿನಾ ಬಜೆ ಬೇರು ತೇಯ್ದು ಅವಳ ನಾಲಿಗೆಗೆ ಸವರುತ್ತಿದ್ದಳು. ಮಗು ಮುಖ ಕಿವುಚುತ್ತಿತ್ತೇ ಹೊರತು ಮಾತೇನೂ ಬರಲಿಲ್ಲ.

ಮಗುವನ್ನು ನೋಡಿ ಹೋಗಲು ಬಂದು ಹೊಸ್ತಿಲ ಬಳಿ ಕೂತಿದ್ದ ಅಂಗನವಾಡಿಯ ಸುಮಂಗಲಾ ಟೀಚರು ನಕ್ಕರು.

"ಆಯಿ, ಆ ಬಜಿ ಬಿಡ್ರಿ ಇನ್ನ. ಅಕಿ ಕೇಳೂಕಿಂತ ಮೊದ್ಲೇ ಎಲ್ಲಾ ಕೊಟ್ಟಬಿಟ್ರ ಅಕಿ ಯಾಕ ಬಾಯಿ ಬಿಡಬೇಕ್ರಿ?"

"ಅಕಿ ಕಣ್ಣ ನೋಡಿದ್ರ ನನಗ ತಿಳೀತದವಾ. ನನ್ನ ಬಿಟ್ರ ಯಾರಿಗೂ ತಿಳ್ಯಾಂಗಿಲ್ಲ." ಹೇಳುವಾಗ ಮಾನಮ್ಮನ ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

"ಅದ ನೋಡ್ರಿ ತ್ರಾಸ. ನಿನ್ನಿ ಅಂಗನವಾಡ್ಯಾಗ ನೀರಿನ ಡ್ರಮ್ಮಿನ ಮುಂದ ತಾಸೊತ್ತು ನಿಂತಿತ್ತು ಕೂಸು. ಆಡಾಕತ್ತದ ಅಂದ್ಕೊಂಡೆ. ಆಮ್ಯಾಲ ನೋಡಿದ್ರ ತುಟಿ ಒಣಗಿದ್ವು."

ಆ ಮಾತು ಮಾನಮ್ಮನಿಗೆ ನಾಟಿತು. ತಾನಿಲ್ಲದ ಕಡೆ ಈ ಮಗು ಹೀಗೇ ಬಾಯಾರಿ ನಿಲ್ಲಬೇಕೇ ಎಂದು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಏನ್ ಮಾಡ್ಲವಾ ಹಂಗಾರ?"

"ಮಾಡೂ ಕೆಲಸ ಹೇಳಿಕೋಂತ ಮಾಡ್ರಿ. ನಡುವ ನಿಂದ್ರಿಸಿ ಅಕಿ ಮಾರಿ ನೋಡ್ರಿ, ಮನಸಿನ್ಯಾಗ ಹತ್ತು ಎಣಸ್ರಿ. ಒತ್ತಾಯ ಬ್ಯಾಡ. ನಾನೂ ಅಲ್ಲಿ ಹಂಗೇ ಮಾಡ್ತೀನಿ."

ಹೇಳುವುದು ಸುಲಭ. ಮಾನಮ್ಮನಿಗೆ ಸುಮ್ಮನಿರುವುದೆಂದರೆ ಉಸಿರು ಕಟ್ಟಿದ ಹಾಗೆ. ಮೊದಲ ದಿನ ಮೂರಕ್ಕೇ ಸೋತಳು. ವಾರ ಕಳೆದರೂ ಆರು ದಾಟಲಿಲ್ಲ. ಬೆಳಿಗ್ಗೆ ಜೋಳದ ರೊಟ್ಟಿ ಬಡಿದು ಮುಗಿಸುವಾಗ, ಉಳಿದ ಹಿಟ್ಟಿನಲ್ಲಿ ಮೊಮ್ಮಗಳಿಗೆಂದೇ ಅಂಗೈಯಗಲದ ರೊಟ್ಟಿ ಮಾಡುವುದು ರೂಢಿ. ಮಗುವಿಗೆ ಅದೆಂದರೆ ಪ್ರಾಣ. ಮಾನಮ್ಮ ಅಲ್ಲೇ ಪಟ್ಟು ಹಿಡಿದಳು.

"ಬಡದೆ. ಹಂಚಿಗಿ ಹಾಕಿದೆ. ನೀರು ಹಚ್ಚಿದೆ. ತಿರವು ಅಂದ್ರ ತಿರವತೀನಿ" ಎಂದು ಕೈ ಎತ್ತಿ ಕೂರುವಳು. ಮಗು ಆ ಕೈ ನೋಡುವುದು, ಹಂಚು ನೋಡುವುದು. ಕೊನೆಗೆ ಅಜ್ಜಿಯೇ ತಡೆಯಲಾರದೆ ತಿರುವಿಹಾಕುವಳು. ಅತ್ತ ಟೀಚರು ನೀರಿನ ಲೋಟ ಹಿಡಿದು ಕಾಯುತ್ತಿದ್ದರು. "ಇವತ್ತ ತುಟಿ ಅಲ್ಲಾಡಸ್ಯಾಳ್ರಿ ಆಯಿ" ಎಂದು ಅವರು ಹೇಳಿದ ದಿನ ಮಾನಮ್ಮ ಓಣಿಗೆಲ್ಲ ಅದನ್ನು ಸಾರಿ ಬಂದಳು.

ಮರುದಿನ ಬೆಳಿಗ್ಗೆ ಹಲ್ಲು ಕಚ್ಚಿ ಕೂತಳು. ಹತ್ತಾಯಿತು, ಹದಿನೈದಾಯಿತು. ಹಂಚಿನಿಂದ ಹೊಗೆ ಎದ್ದಿತು. ಎಣಿಕೆ ತಪ್ಪಿ, ಮತ್ತೆ ಒಂದರಿಂದ ಶುರು ಮಾಡಿದಳು. ತನ್ನ ರೊಟ್ಟಿ ಕರಕಾಗುವುದನ್ನು ಕಂಡ ಮಲ್ಲೇಶ್ವರಿ ದಡಕ್ಕನೆ ಎದ್ದು, ನೆಲಕ್ಕೆ ಕಾಲು ಕುಟ್ಟಿ, ಅಜ್ಜಿಯ ಸೆರಗು ಜಗ್ಗಿದಳು.

"ತಿರೂ! ಆಯೀ, ತಿರೂ!"

ಮಾನಮ್ಮ ತಟ್ಟನೆ ರೊಟ್ಟಿ ತಿರುವಿದಳು, ಒಂದು ಬದಿ ಪೂರಾ ಇದ್ದಿಲಾಗಿತ್ತು. ಅಳುತ್ತಲೇ ನಕ್ಕಳು, ನಗುತ್ತಲೇ ಶುರು ಹಚ್ಚಿಕೊಂಡಳು.

"ಆಯಿ ಅಂದ್ಲಲ್ಲ ನನ್ನ ಬಂಗಾರ! ಕರಕಾತೇನು? ಇನ್ನೊಂದು ಬೇಕಾ? ಬೇಕಂತ, ಈಗ..."

ಮಲ್ಲೇಶ್ವರಿ ಅಜ್ಜಿಯ ಮುಖವನ್ನೇ ನೋಡುತ್ತ, ಇನ್ನೇನೋ ಹೇಳಲು ತುಟಿ ಕೂಡಿಸುತ್ತಿದ್ದಳು. ಮಾನಮ್ಮ ಹಿಟ್ಟು ಮೆತ್ತಿದ ಅಂಗೈಯಿಂದ ತನ್ನ ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಒಂದರಿಂದ ಎಣಿಸತೊಡಗಿದಳು.