ಗೌಡರ ಮನೆಯ ಹಾರೆ

ಹಾರೆ ಎರಡು ತುಂಡಾದಾಗ ಕುಣಿ ಇನ್ನೂ ಮೊಣಕಾಲಿನ ಆಳವಿತ್ತು. ಮೇಲಿನ ಕರಿಮಣ್ಣು ಸಲೀಸಾಗಿ ಬಂದಿತ್ತು. ಕೆಳಗೆ ಗರಸು ಹತ್ತಿ ಗುದ್ದಲಿಗಳ ಬಾಯಿ ಮಡಚಿಕೊಂಡ ಮೇಲೆ ಗೌಡರ ಮನೆಯಿಂದ ಹಾರೆ ತರಿಸಿದ್ದರು. ಕುಣಿ ತೋಡಲು ಬಂದ ಆಳು ದೊಡ್ಡಪ್ಪ ಅದನ್ನು ಎತ್ತಿ ಹಾಕತೊಡಗಿ ಹೆಚ್ಚು ಹೊತ್ತಾಗಿರಲಿಲ್ಲ. ಕಲ್ಲಿಗೆ ತಗುಲಿದ್ದೇ ತಡ, ಗೇಣುದ್ದದ ತುದಿ ಸಿಡಿದು ಕುಣಿಯ ಆಚೆ ಬಿತ್ತು. ಕೈಯಲ್ಲಿ ಉಳಿದದ್ದನ್ನು ನೋಡುತ್ತ ಆತ ಹಾಗೇ ನಿಂತ. ಆ ತುದಿಯನ್ನು ಕೂಡಿಸಿದವನು ಯಾರೆಂದು ಮಟಕಿ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕುಣಿಯೂ ಅವನದೇ ಆಗಿತ್ತು.

ದೊಡ್ಡಪ್ಪ ಎರಡೂ ತುಂಡುಗಳನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಸತ್ತವನ ಮನೆಗೆ ನಡೆದ.

ಕಂಬಾರ ನಾಗಣ್ಣನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ. ಗದ್ದ ಜಾರದಂತೆ ತಲೆಗೆ ಸುತ್ತಿ ಕಟ್ಟಿದ ಬಿಳಿ ಬಟ್ಟೆ. ಎದುರಿಗೆ ಅಂಗಳದ ಮೂಲೆಯಲ್ಲಿ ಅವನ ಕುಲುಮೆಯಿತ್ತು. ಕೆಲಸ ಬಾರದ ದಿನಗಳಲ್ಲಿ ಕೂತು ನೋಡುತ್ತಿದ್ದ ಹಾಗೆಯೇ ಈಗಲೂ ಅದನ್ನೇ ನೋಡುತ್ತ ಕೂತಂತೆ ಕಾಣುತ್ತಿದ್ದ.

ಹೆಂಡತಿ ಶಿವಕಾಂತಾ ಅಳುತ್ತಿರಲಿಲ್ಲ. ಓಣಿಯ ಹೆಂಗಸರು ಬಂದರು, ಅವಳ ಕೊರಳಿಗೆ ಬಿದ್ದು ಅತ್ತರು, ಸರಿದು ಕೂತರು. ಒಬ್ಬೊಬ್ಬರು ಬಂದಾಗಲೂ ಅವರ ಬೆನ್ನ ಹಿಂದಿನ ಬಾಗಿಲ ಕಡೆಗೆ ಅವಳ ಕಣ್ಣು ಹೋಗುತ್ತಿತ್ತು. ಸಕ್ಕುಬಾಯಿ ಬಂದಿರಲಿಲ್ಲ. ಬರುವವಳೂ ಅಲ್ಲ.

ಎರಡು ವರ್ಷದ ಹಿಂದೆ ಗುರಣ್ಣಗೌಡರ ತೋಟದ ಬಾವಿಯನ್ನು ಆಳ ಮಾಡಿಸುವಾಗ, ಕಲ್ಲು ತುಂಬಿದ ಬುಟ್ಟಿಯನ್ನು ಮೇಲೆಳೆಯುತ್ತಿದ್ದ ಸರಪಳಿ ಹರಿದು, ಬುಟ್ಟಿ ಕೆಳಗೆ ನಿಂತಿದ್ದ ಬೀರಣ್ಣನ ಮೇಲೆ ಬಿದ್ದಿತ್ತು. ಸಕ್ಕುಬಾಯಿ ಬೀರಣ್ಣನ ಹೆಂಡತಿ. ಹರಿದದ್ದು ನಾಗಣ್ಣ ಹೊಸದಾಗಿ ಬೆಸೆದು ಹಾಕಿದ್ದ ಕೊಂಡಿ. ಬೆಸುಗೆ ಬಿಟ್ಟಿತು ಎಂದು ಊರು ಅಂದಿತು. ಬೆಸುಗೆ ಹಿಡಿಸುವ ಬಿಳಿಗಾರದ ಪುಡಿ ಹಾಕುವಲ್ಲಿ ಉಸುಕು ಹಾಕಿ ದುಡ್ಡು ಉಳಿಸಿಕೊಂಡ ಎಂದೂ ಅಂದಿತು. ಮರುದಿನವೇ ಬಾವಿಗೆ ಸೆಲೆ ಒಡೆದು ನೀರು ಏರಿತು. ಮುರಿದ ಕೊಂಡಿ ತಳದಲ್ಲೇ ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು ನೋಡಿದವರು ಯಾರೂ ಇಲ್ಲ.

ಆ ಕೊಂಡಿ ಮಾಡಿದ ಕಂಬಿಯಲ್ಲಿ ಮಿಕ್ಕ ತುಂಡನ್ನು ನಾಗಣ್ಣ ಅದೇ ದಿನ ಗೌಡರ ಹಾರೆಯ ಸವೆದ ತುದಿಗೆ ಕೂಡಿಸಿ ಕೊಟ್ಟಿದ್ದ. ಬೀರಣ್ಣ ಹೋದ ಮೇಲೆ ಆ ಹಾರೆಯನ್ನು ಯಾರೂ ಮುಟ್ಟಿರಲಿಲ್ಲ. ಉಳಿದ ಮನೆಗಳ ಹಾರೆಗಳು ಲಡಾಯಿ ನಡೆದು ಕಬ್ಬಿಣಕ್ಕೆ ದರ ಬಂತೆಂದು ಗುಜರಿಗೆ ಹೋಗಿದ್ದವು. ಇವತ್ತು ಬೇರೆ ದಾರಿ ಇರಲಿಲ್ಲ.

ದೊಡ್ಡಪ್ಪ ಅಂಗಳದಲ್ಲಿ ನಾಗಣ್ಣನ ತಮ್ಮ ಚಂದ್ರಾಮನನ್ನು ಪಕ್ಕಕ್ಕೆ ಕರೆದು ವಸ್ತ್ರ ಬಿಚ್ಚಿದ. ಚಂದ್ರಾಮ ಅಫಜಲಪುರದ ಪೇಟೆಯಲ್ಲಿ ಕುಲುಮೆ ಇಟ್ಟುಕೊಂಡವನು, ಮಣ್ಣಿಗೆಂದು ಬೆಳಗಿನ ಗಾಡಿಗೆ ಬಂದಿದ್ದ. ಇಬ್ಬರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು ಮಾತ್ರ ಪಡಸಾಲೆಗೆ ಕೇಳಿಸಿತು. ಶಿವಕಾಂತಾ ಎದ್ದು ಬಂದಳು.

ತುದಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಮುರಿದ ಮೈ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯಿತು. ಇಪ್ಪತ್ತು ವರ್ಷ ಕುಲುಮೆಯ ತಿದಿ ಊದಿದವಳು ಅವಳು. ಒಳ್ಳೆಯ ಕಬ್ಬಿಣ ಮುರಿದರೆ ಕಬ್ಬಿನ ಸಿಪ್ಪೆಯ ಹಾಗೆ ಎಳೆ ಎಳೆಯಾಗಿ ಸೀಳುತ್ತದೆ. ಬೆಸುಗೆ ಬಿಟ್ಟರೆ ಒಳಗೆ ಕರಿ ಪೊರೆ ಕಾಣುತ್ತದೆ. ಇಲ್ಲಿ ಎರಡೂ ಇರಲಿಲ್ಲ. ದೊಡ್ಡಪ್ಪನ ಕೈಯಲ್ಲಿದ್ದ ಹಾರೆಯನ್ನು ಹೆಬ್ಬೆರಳಿನಿಂದ ಮೇಲೆ ಸವರಿದಳು. ಮುರಿದ ಜಾಗದಿಂದ ಎರಡು ಬೆರಳು ಮೇಲೆ, ಬೆಸೆದಲ್ಲಿ ನಾಗಣ್ಣ ತಪ್ಪದೆ ಹೊಡೆಯುತ್ತಿದ್ದ ಉಗುರಿನಷ್ಟು ಗೀರು ಹಾಗೇ ಇತ್ತು. ಬೆಸುಗೆ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಮುರಿದದ್ದು ಕಬ್ಬಿಣ.

ಅವಳು ಮಗ್ಗುಲ ಮನೆಯ ಗಂಗಾಬಾಯಿಯನ್ನು ಕರೆದಳು.

“ಯಕ್ಕ, ಸಕ್ಕುಬಾಯಿ ಬಲ್ಲಿ ಹೋಗ್ರಿ. ಒಮ್ಮೆ ಬಂದು ನೋಡು ಅಂತ ಹೇಳ್ರಿ. ಅಳಾಕಲ್ಲ, ನೋಡಾಕ ಅನ್ರಿ.”

ಗಂಗಾಬಾಯಿ ಅವಳ ಮುಖ ನೋಡಿದಳು, ಕೈಯಲ್ಲಿದ್ದ ಕಬ್ಬಿಣ ನೋಡಿದಳು. ಸೆರಗು ಹೊದ್ದು ಹೊರಟಳು.

*

ಆಳಂದದ ಸಂತೆಗೆ ನಾಗಣ್ಣ ಹೊರಟರೆ ಶಿವಕಾಂತಾಳಿಗೆ ನಗು ಬರುತ್ತಿತ್ತು. ಇದ್ದಿಲು ಕೊಳ್ಳುವವನಲ್ಲ, ಹಳ್ಳದ ದಂಡೆಯ ಜಾಲಿ ಕಡಿದು ತಾನೇ ಸುಡುತ್ತಿದ್ದ. ತಿದಿಯ ಚರ್ಮ ಅವನ ಅಪ್ಪನ ಕಾಲದ್ದು, ತೇಪೆಯ ಮೇಲೆ ತೇಪೆ. ಇಕ್ಕಳವೂ ಮುರುಕು ಗಾಡಿಯ ಕಬ್ಬಿಣದಿಂದ ಮಾಡಿಕೊಂಡದ್ದು. ಬಿಳಿಗಾರದ ಮಾತು ಬಂದರೆ ಮಾತ್ರ ಬೇರೆ ಮನುಷ್ಯನಾಗುತ್ತಿದ್ದ.

ಸಂತೆಯ ಶರಫುದ್ದೀನನ ದುಕಾನದಲ್ಲಿ ಬಿಳಿಗಾರದ ಎರಡು ಡಬ್ಬಿಗಳಿದ್ದವು, ಒಂದು ಅಗ್ಗದ್ದು, ಒಂದು ತುಟ್ಟಿಯದ್ದು. ನಾಗಣ್ಣ ಎರಡರಿಂದಲೂ ಒಂದೊಂದು ಹರಳು ಕೇಳಿ ಪಡೆದು, ಮಗ್ಗುಲ ಚಹಾದವನ ಒಲೆಯಿಂದ ಕೆಂಡ ತಂದು ಅದರ ಮೇಲಿಡುತ್ತಿದ್ದ. ಎರಡೂ ಜೋಳದ ಅರಳಿನ ಹಾಗೆ ಉಬ್ಬುತ್ತಿದ್ದವು. ಆಮೇಲೆ ಒಂದು ಕರಗಿ ನೀರಹನಿಯಂತೆ ತಿಳಿಯಾಗುತ್ತಿತ್ತು. ಪಟಿಕ ಬೆರೆಸಿದ್ದು ಬೂದಿಯಂತೆ ಬೆಳ್ಳಗೆ ಉಳಿಯುತ್ತಿತ್ತು.

“ಕ್ಯಾ ನಾಗಣ್ಣ, ಸೊಸಿ ತರಾವ್ರು ಸುದ್ದಾ ಇಷ್ಟು ನೋಡಾಂಗಿಲ್ಲ,” ಎಂದು ಶರಫುದ್ದೀನ ಛೇಡಿಸುತ್ತಿದ್ದ.

“ಸೊಸಿ ಕೆಟ್ರ ತವರಿಗೆ ಕಳಿಸಬಹುದು, ಸಾಬ್ರ. ಇದು ಕೆಟ್ರ ನಿಮ್ಮ ದುಕಾನಕ್ಕ ಕಳಿಸಿದ್ರ ತೊಗೋತೀರೇನ್ರಿ?”

ಒಂದು ಸಲ ತಿರುಗಿ ಬರುವಾಗ ಶಿವಕಾಂತಾ ಕೇಳಿದಳು. ತಿದಿಗೆ ತೇಪೆ, ಇಕ್ಕಳಕ್ಕೆ ತೇಪೆ, ನನ್ನ ಸೀರೆಗೂ ತೇಪೆ, ಈ ಬಿಳಿ ಪುಡಿಗೆ ಮಾತ್ರ ಯಾಕೆ ಅಷ್ಟು ತುಟ್ಟಿ ಮರ್ಯಾದೆ ಎಂದು.

“ತಿದಿ ಹರದ್ರ ಹೊಲೀಬಹುದು,” ಎಂದಷ್ಟೇ ಹೇಳಿ ಅವನು ಮುಂದೆ ನಡೆದ. ಉಳಿದ ಅರ್ಧ ಮಾತಿಗೆ ಅವಳು ಕಾಯಲಿಲ್ಲ. ಅದು ಬರುವುದಿಲ್ಲವೆಂದು ಗೊತ್ತಿತ್ತು.

*

ಗುರಣ್ಣಗೌಡರು ಬಂದಾಗ ಹೊತ್ತು ಇಳಿಮುಖವಾಗಿತ್ತು. ಕಾಯಿ, ಬಟ್ಟೆ, ವಿಭೂತಿ ಎಲ್ಲವನ್ನೂ ಬೆಳಿಗ್ಗೆಯೇ ತಮ್ಮ ಮನೆಯಿಂದ ಕಳಿಸಿದ್ದರು. ಜನ ಎದ್ದು ನಿಂತರು. ಆಳಂದದಿಂದ ಬಂದು ಬೇವಿನ ಕೆಳಗೆ ಕೂತಿದ್ದ ಶರಫುದ್ದೀನನೂ ಎದ್ದ. ಗೌಡರು ಹೆಣಕ್ಕೆ ಕೈ ಮುಗಿದು, ಶಿವಕಾಂತಾಳ ಕೈಯಲ್ಲಿದ್ದ ತುದಿಯನ್ನು ಕಂಡರು.

“ಏನ್ ದೈವ ನೋಡ್ರಿ,” ಎಂದರು ಮೆಲ್ಲಗೆ. “ತನ್ನ ಕುಣಿ ತೋಡಾಗೂ ತನ್ನ ಬೆಸಿಗಿ ಬಿಡಬೇಕಾತು.”

“ಬೆಸಿಗಿ ಬಿಟ್ಟಿಲ್ರಿ ಗೌಡ್ರ,” ಎಂದಳು ಶಿವಕಾಂತಾ. “ಕಬ್ಬಣ ಮುರದದ. ಬೆಸಿಗಿ ಅಲ್ಲಿ ಹಾರಿ ಮ್ಯಾಲ ಅದ ನೋಡ್ರಿ, ಗೀರು ಹಂಗೇ ಅದ.”

ಭಜನೆಯವರು ತಾಳ ನಿಲ್ಲಿಸಿದರು. ಗಂಡಸರ ಮುಂದೆ ಅವಳ ದನಿ ಯಾವತ್ತೂ ಕೇಳಿಸಿರಲಿಲ್ಲ. ಆ ಕಬ್ಬಿಣ ಯಾರ ಮನೆಯಿಂದ ಬಂದದ್ದೆಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

“ನಾಗಣ್ಣ ನನ್ ದುಕಾನದಾಗ ಖರಾಬ್ ಮಾಲ್ ಮುಟ್ಟಿದಾವಲ್ರಿ,” ಎಂದು ಶರಫುದ್ದೀನ ಹಿಂದಿನಿಂದ ಅಂದ. ಯಾರೂ ಅವನತ್ತ ತಿರುಗದಿದ್ದುದರಿಂದ ಅಲ್ಲಿಗೇ ಬಿಟ್ಟ.

ಗೌಡರು ಸಿಟ್ಟಾಗಲಿಲ್ಲ. “ನನಗ್ಯಾಕ, ನಿಮಗ್ಯಾಕ? ಕಂಬಾರನೇ ಇದ್ದಾನ. ಚಂದ್ರಾಮ, ನೀ ಹೇಳಪಾ.”

ಚಂದ್ರಾಮ ತುದಿಯನ್ನು ಇಸಿದುಕೊಂಡ. ಲಡಾಯಿ ಬಂದ ಮೇಲೆ ಅಫಜಲಪುರದಲ್ಲಿ ಕಬ್ಬಿಣವೂ ಇಲ್ಲ, ಕೆಲಸವೂ ಇಲ್ಲ. ಮಟಕಿಯ ಕಂಬಾರಿಕೆಯನ್ನು, ಸುಗ್ಗಿಯ ಆಯದ ಕಾಳು ಸಹಿತ, ನೀನೇ ನಡೆಸಿಕೊಂಡು ಹೋಗು ಎಂದು ಗೌಡರು ಬೆಳಿಗ್ಗೆ ಹೇಳಿ ಕಳಿಸಿದ್ದರು. ಅವನು ಮುರಿದ ಮೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ನೋಡುವುದೆಲ್ಲ ಮೊದಲ ಕ್ಷಣದಲ್ಲೇ ಮುಗಿದಿತ್ತು ಎಂಬುದು ಶಿವಕಾಂತಾಳಿಗೆ ತಿಳಿಯಿತು. ಅವನು ಅಣ್ಣನ ಕಡೆಗೂ ನೋಡಲಿಲ್ಲ, ಅವಳ ಕಡೆಗೂ ನೋಡಲಿಲ್ಲ.

“ಬೆಸಿಗಿ ಬಿಟ್ಟದ್ರಿ,” ಎಂದ.

*

ಬಾವಿಯ ಸರಪಳಿಗೆಂದು ಆ ಕಂಬಿಯನ್ನು ಗೌಡರು ಸೊಲ್ಲಾಪುರದ ಗುಜರಿಯಿಂದ ತಂದಿದ್ದರು. ಕಬ್ಬಿಣ ಕೊಡುವುದು ಮಾಡಿಸುವವರ ಪಾಲು, ಇದ್ದಿಲು ಮತ್ತು ಬಿಳಿಗಾರ ಕಂಬಾರನ ಪಾಲು. ಊರಿನ ರೀತಿ ಅದು. ನಾಗಣ್ಣ ಕಂಬಿಯನ್ನು ಅಡಿಗಲ್ಲಿನ ಮೇಲೆ ಬಡಿದು, ಕಿವಿಗೊಟ್ಟು ಕೇಳಿ, ಮತ್ತೆ ಬಡಿದ.

“ಇದು ಬ್ಯಾಡ್ರಿ ಗೌಡ್ರ. ಸರಪಳಿಗೆ ಬ್ಯಾಡ್ರಿ.”

ಅಗ್ಗಕ್ಕೆ ಸಿಕ್ಕದ್ದು, ಲಡಾಯಿಯಲ್ಲಿ ಬೇರೆ ಎಲ್ಲಿಂದ ತರಲಿ ಎಂದು ಗೌಡರು ನಕ್ಕರು. ಆಳುಗಳು ಬಾವಿಯ ಹತ್ತಿರ ಕಾಯುತ್ತಿದ್ದಾರೆ ಎಂದರು. ನಿನ್ನ ಬೆಸುಗೆ ಗಟ್ಟಿ ಇದ್ದರೆ ಸಾಕು ಎಂದರು.

ನಾಗಣ್ಣ ಸ್ವಲ್ಪ ಹೊತ್ತು ಕಂಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. ಆಮೇಲೆ ಶಿವಕಾಂತಾಳ ಕಡೆಗೆ ತಿರುಗಿ, “ಊದು,” ಎಂದ. ಅವಳು ಊದಿದಳು.

ಬೀರಣ್ಣನ ಮಣ್ಣಾದ ಮೂರನೆಯ ದಿನ ಸಕ್ಕುಬಾಯಿ ಕುಲುಮೆಯ ಬಾಗಿಲಿಗೆ ಬಂದು ನಿಂತಳು. ಬೈಯಲಿಲ್ಲ. ನನ್ನ ಗಂಡ ಸತ್ತದ್ದು ನಿನ್ನ ಬೆಸುಗೆಯಿಂದಲೋ ಅಲ್ಲವೋ, ಅಷ್ಟು ಹೇಳು ಎಂದಳು. ನಾಗಣ್ಣ ತಲೆ ತಗ್ಗಿಸಿ ಕೂತ. ಅವಳು ಬಹಳ ಹೊತ್ತು ಕಾದು ಹೊರಟುಹೋದಳು. ಅಂದಿನಿಂದ ಆ ಓಣಿಯಲ್ಲಿ ಹಾಯಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಶಿವಕಾಂತಾ ಕೇಳಿದಳು. ಅವತ್ತು ಕೇಳಿದಳು, ಆಮೇಲೂ ಕೇಳಿದಳು. ಅವನು ಉತ್ತರ ಕೊಟ್ಟದ್ದು ಒಂದೇ ಸಲ, ಈ ಚಳಿಗಾಲ ಎದೆ ಕಟ್ಟಿ ಹಾಸಿಗೆ ಹಿಡಿದ ಮೇಲೆ.

“ಮುರೀತದಂತ ನನಗ ಗೊತ್ತಿತ್ತಲ್ಲ.”

*

ಇವತ್ತೇ ಮಣ್ಣಾಗಬೇಕು, ಹೊತ್ತು ಮುಳುಗುವ ಮೊದಲು ಆಗಬೇಕು ಎಂದು ಮಠದ ಅಯ್ಯನವರು ಹೇಳಿದರು. ಹೆಣವಿದ್ದ ಮನೆಯಲ್ಲಿ ಬೆಂಕಿ ಮಾಡಬಹುದೇ ಎಂದು ಯಾರೋ ಕೇಳಿದರು. ಕುಲುಮೆಯ ಬೆಂಕಿ ಅನ್ನದ ಬೆಂಕಿಯಲ್ಲ, ಹೊತ್ತಿಸಿರಿ ಎಂದರು ಅಯ್ಯನವರು. ಕುಳಿತವನು ಕೂಡುವಷ್ಟು ಆಳದ ಕುಣಿ ಬೇಕು. ಗರಸು ಒಡೆಯಲು ಹಾರೆ ಬೇಕು. ಹಾರೆಗೆ ಆ ತುದಿ ಬೇಕು.

ಚಂದ್ರಾಮ ಶಿವಕಾಂತಾಳ ಮುಂದೆ ಬಂದು ಕೈ ಚಾಚಿದ. ತುದಿ ಮತ್ತೆ ಅವಳ ಕೈ ಸೇರಿತ್ತು.

“ಸ್ವಲ್ಪ ತಡಿ,” ಎಂದಳು ಅವಳು. “ಸಕ್ಕುಬಾಯಿ ಬರ್ತಾಳ. ಆಕಿ ನೋಡಲಿ. ಆಮ್ಯಾಲ ಸುಡು.”

“ವೈನಿ, ಹೊತ್ತು ನೋಡ್ರಿ,” ಎಂದು ಚಂದ್ರಾಮ ಅತ್ತಿಗೆಗೆ ಅಂದ.

ಅವಳು ಬಾಗಿಲು ನೋಡಿದಳು. ಓಣಿ ಬರಿದಾಗಿತ್ತು. ಪಡಸಾಲೆಯಲ್ಲಿ ನಾಗಣ್ಣನ ತಲೆ ಒಂದು ಕಡೆಗೆ ವಾಲಿತ್ತು, ಭಜನೆಯವನೊಬ್ಬ ಎದ್ದು ಅದನ್ನು ನೆಟ್ಟಗೆ ಮಾಡಿದ. ನಿನ್ನೆ ಸಂಜೆಯಿಂದ ಹಾಗೆ ಕೂಡಿಸಿಟ್ಟಿದ್ದಾರೆ. ಇನ್ನೊಂದು ರಾತ್ರಿ ಕೂಡಲಾರ.

ಅವಳು ತುದಿಯನ್ನು ಕೊಟ್ಟಳು. ಗೂಡಿನಲ್ಲಿ ಕೈಯಾಡಿಸಿ ಬಿಳಿಗಾರದ ಡಬ್ಬಿ ತೆಗೆದಳು. ಎರಡು ವರ್ಷದಿಂದ ಬೆಸೆಯುವ ಕೆಲಸವನ್ನು ಯಾರೂ ತಂದಿರಲಿಲ್ಲ. ಕುಡಗೋಲಿನ ಬಾಯಿ ಬಡಿದು ಹಣಿಯುವುದಕ್ಕೆ ಬಿಳಿಗಾರ ಬೇಕಿಲ್ಲ. ಕೊನೆಯ ಸಲ ತಂದ ತುಟ್ಟಿ ಮಾಲು ಹಾಗೆಯೇ ಉಳಿದಿತ್ತು.

ತಿದಿಗೆ ಮೊದಲು ದೊಡ್ಡಪ್ಪ ಕೂತ. ತೇಪೆಯ ತಿದಿ ಅವನ ಕೈಗೆ ಬಗ್ಗಲಿಲ್ಲ, ಬೆಂಕಿ ಎದ್ದು ಬಿದ್ದು ಹೊಗೆಯಾಡಿತು. ಚಂದ್ರಾಮ ತಿದಿಯ ಹಗ್ಗದ ಕಡೆ ನೋಡಿದ. ಶಿವಕಾಂತಾ ಸೆರಗು ಸಿಕ್ಕಿಸಿ ಹೋಗಿ ಕೂತಳು. ಹೆಂಗಸರಲ್ಲಿ ಯಾರೋ ಬಿಕ್ಕಿದರು.

ಅವಳು ನಿಧಾನಕ್ಕೆ ಊದಿದಳು. ಬೇಕೆಂದೇ ನಿಧಾನಕ್ಕೆ ಊದಿದಳು, ಕಣ್ಣು ಬಾಗಿಲಿನ ಮೇಲಿಟ್ಟು. ಕಬ್ಬಿಣ ಕೆಂಪಾಗಿ ಅಲ್ಲಿಗೇ ನಿಂತಿತು. ಹೀಗೇ ಊದುತ್ತಿದ್ದರೆ ಕಾವು ಏರುವುದಿಲ್ಲ, ಬಿಳಿಗಾರ ಹರಿಯುವುದಿಲ್ಲ, ಸಕ್ಕುಬಾಯಿ ಬರುತ್ತಾಳೆ.

“ವೈನಿ,” ಎಂದ ಚಂದ್ರಾಮ. “ಉಸಿರು.”

ನಾಗಣ್ಣನೂ ಹೀಗೆಯೇ ಅನ್ನುತ್ತಿದ್ದ, ಇದೇ ದನಿಯಲ್ಲಿ. ಅಪ್ಪನ ಹತ್ತಿರ ಇಬ್ಬರೂ ಕಲಿತ ಮಾತು ಅದು. ಅವಳ ಕೈ ಅವಳನ್ನು ಕೇಳದೆ ತನ್ನ ಲಯ ಹಿಡಿಯಿತು. ಉದ್ದ, ಉದ್ದ, ಗಿಡ್ಡ. ಬೆಂಕಿ ಬೆಳ್ಳಗಾಯಿತು. ಬಿಳಿಗಾರ ಉಬ್ಬಿತು, ಕರಗಿತು, ತಿಳಿಯಾಗಿ ಕಬ್ಬಿಣದ ಮೈಮೇಲೆ ಹರಿಯಿತು. ಚಂದ್ರಾಮ ಎರಡೂ ತುಂಡುಗಳನ್ನು ತೆಗೆದು ಒಂದರ ಮೇಲೊಂದು ಇಟ್ಟು ಸುತ್ತಿಗೆ ಹಾಕಿದ. ಕಿಡಿ ಪಡಸಾಲೆಯ ಮೆಟ್ಟಿಲವರೆಗೆ ಹಾರಿತು. ಅವನು ಒಳ್ಳೆಯ ಕೆಲಸಗಾರ. ಹೊಡೆತದ ಮೇಲೆ ಹೊಡೆತ, ಹೊರಳಿಸಿ ಹೊಡೆತ. ಕಲ್ಲುಸಕ್ಕರೆಯ ಹೊಳಪು ಒಳಗೆ ಸೇರಿತು. ಎರಡು ಬೆರಳು ಮೇಲಿದ್ದ ಗೀರೂ ಸುತ್ತಿಗೆಗೆ ಸಿಕ್ಕು ಸಮತಟ್ಟಾಯಿತು.

ಗೌಡರು ಆಗಲೇ ಕುಣಿಯ ಕಡೆಗೆ ಹೊರಟುಹೋಗಿದ್ದರು.

ಹಾರೆಯನ್ನು ನೀರಿನ ಬಾನಿಗೆ ಅದ್ದಿದ ಸದ್ದು ಇನ್ನೂ ಅಡಗಿರಲಿಲ್ಲ, ಗಂಗಾಬಾಯಿ ಬಾಗಿಲಲ್ಲಿ ಕಾಣಿಸಿದಳು. ಅವಳ ಹಿಂದೆ ಸಕ್ಕುಬಾಯಿ. ಹೊಲದಿಂದ ಬಂದವಳು, ಕಾಲಿಗೆ ಕರಿಮಣ್ಣು ಮೆತ್ತಿತ್ತು. ಹೆಣದ ಕಡೆಗೆ ನೋಡದೆ ಅಂಗಳ ದಾಟಿ ಕುಲುಮೆಯ ಮುಂದೆ ನಿಂತಳು.

“ಏನೋ ನೋಡು ಅಂದ್ಯಂತಲ್ಲ,” ಎಂದಳು. “ತೋರಸು.”

ಶಿವಕಾಂತಾ ಹಾರೆಯ ಕಡೆ ಕೈ ಮಾಡಿದಳು. ಇನ್ನೊಂದು ಕೈಯಲ್ಲಿ ತಿದಿಯ ಹಗ್ಗ ಹಾಗೆಯೇ ಇತ್ತು.

ಸಕ್ಕುಬಾಯಿ ಬಗ್ಗಿ ಹಾರೆಯನ್ನು ಎತ್ತಿಕೊಂಡಳು. ಅದಿನ್ನೂ ಬೆಚ್ಚಗಿತ್ತು. ದೊಡ್ಡಪ್ಪ ಅದಕ್ಕಾಗಿ ಕೈ ಚಾಚಿ ನಿಂತಿದ್ದ. ಅವಳು ಕೊಡಲಿಲ್ಲ. ತುದಿಯಿಂದ ಮೇಲಕ್ಕೆ, ಮೇಲಿಂದ ತುದಿಗೆ ನಿಧಾನವಾಗಿ ಬೆರಳಾಡಿಸಿದಳು. ಎಲ್ಲಿ ಕೂಡಿಸಿದ್ದಾರೆ ಎಂಬುದು ಬೆರಳಿಗೆ ಸಿಗಲಿಲ್ಲ. ಹೊರಳಿಸಿ, ಇನ್ನೊಂದು ಮಗ್ಗುಲಿನಲ್ಲಿ, ಮತ್ತೆ ಮೊದಲಿನಿಂದ ಸವರತೊಡಗಿದಳು.